ಕಿವಿ ನಂಬುವುದಾದರೆ ಕಣ್ಣು ಮುಚ್ಚಿ

ಪುಣೆಯಲ್ಲಿ ನಾವು ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೆಲ್ಲ ಗೊತ್ತಿರುತ್ತಿತ್ತು. ಬಾಣೇರಿನ ಫ್ಲ್ಯಾಟಿನ ದರ, ಹಿಂಜವಡಿಯ ಟ್ರಾಫಿಕ್ಕು, ಮಕ್ಕಳ ಶಾಲೆಯ ಫೀಸು, ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು. ಈಚಿನ ನಾಲ್ಕೈದು ವರ್ಷಗಳಲ್ಲಿ ಈ ಪಟ್ಟಿಗೆ ಆಡಿಯೋ ಸೇರಿಕೊಂಡಿದೆ. ಯಾರ ಮನೆಯಲ್ಲಿ ಯಾವ ಆಂಪ್ಲಿಫೈಯರ್ ಇದೆ, ಯಾರು ಸ್ಪೀಕರಿಗೆ ಯಾವ ದೇಶದ ತಂತಿ ತರಿಸಿದ್ದಾರೆ, ಆ ತಂತಿ ‘ಹದಕ್ಕೆ ಬರಲು’ ಇನ್ನೂ ಎಷ್ಟು ಗಂಟೆ ಬೇಕು ಎಂಬ ಚರ್ಚೆ ಊಟದ ತಟ್ಟೆ ಒಣಗುವ ತನಕ ನಡೆಯುತ್ತದೆ.

ಸಂಗೀತದ ಹುಚ್ಚಿನ ಬಗ್ಗೆ ನನಗೆ ತಕರಾರಿಲ್ಲ. ಸವಾಯಿ ಗಂಧರ್ವ ಉತ್ಸವ ನಡೆಯುವ ಊರಿನಲ್ಲಿದ್ದುಕೊಂಡು ಅಂಥ ತಕರಾರು ತೆಗೆದರೆ ನನ್ನನ್ನು ಊರು ಬಿಡಿಸಬೇಕು. ಒಳ್ಳೆಯ ಸ್ಪೀಕರಿಗೆ ಒಳ್ಳೆಯ ದುಡ್ಡು ಕೊಡುವುದೂ ಸರಿಯೇ. ನನ್ನ ಜಗಳ ಇರುವುದು ಆ ದುಡ್ಡು ಕೀಳಲು ವಿಜ್ಞಾನದ ಹೆಸರಿನಲ್ಲಿ ಹೇಳುವ ಸುಳ್ಳುಗಳ ಜೊತೆ. ಮತ್ತು ಆ ಸುಳ್ಳುಗಳಿಗೆ ಬಿ.ಇ., ಎಂ.ಟೆಕ್. ಓದಿದ ನಮ್ಮವರೇ ತಲೆಯಾಡಿಸುತ್ತಾರಲ್ಲ, ಅದರ ಜೊತೆ.

ಏನೇನು ಮಾರುತ್ತಾರೆ ನೋಡಿ. ಬಾಣದ ಗುರುತು ಹಾಕಿದ ಸ್ಪೀಕರ್ ತಂತಿ. ಬಾಣ ತಿರುಗುಮುರುಗಾದರೆ ಸಂಗೀತ ‘ಮಂಕಾಗುತ್ತದಂತೆ’. ಆ ತಂತಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಪಿಂಗಾಣಿಯ ಪುಟ್ಟ ಸ್ಟ್ಯಾಂಡು. ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಹೋಗುವ ಒಂದೂವರೆ ಮೀಟರಿನ ಪವರ್ ಕಾರ್ಡು, ಬೆಲೆ ಒಂದು ಸ್ಕೂಟರಿನಷ್ಟು. ‘ಕ್ವಾಂಟಮ್’ ಎಂದು ಬರೆದ ಸ್ಟಿಕ್ಕರು. ಸಿ.ಡಿ.ಯ ಅಯಸ್ಕಾಂತ ಗುಣ ತೆಗೆಯುವ ಯಂತ್ರ. ಸಿ.ಡಿ. ಎಂದರೆ ಪಾಲಿಕಾರ್ಬೊನೇಟಿನ ಬಿಲ್ಲೆ, ಮೇಲೆ ಅಲ್ಯುಮಿನಿಯಮ್ಮಿನ ತೆಳು ಲೇಪ. ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇಲ್ಲದ ರೋಗಕ್ಕೆ ಮದ್ದು ಮಾರುವುದೆಂದರೆ ಇದೇ. 1990ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಸಿ.ಡಿ.ಯ ಅಂಚಿಗೆ ಹಸಿರು ಶಾಯಿ ಬಳಿದರೆ ಧ್ವನಿ ಸುಧಾರಿಸುತ್ತದೆ ಎಂದು ಪೆನ್ನು ಮಾರಿದರು. ಅದೇ ಕಾಲದಲ್ಲಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಇಡೀ ಮನೆಯ ಸಂಗೀತ ಚೆನ್ನಾಗುತ್ತದೆಂದು ಒಂದು ಡಿಜಿಟಲ್ ಗಡಿಯಾರವನ್ನೂ ಮಾರಿದರು. ಕೊಂಡವರಿದ್ದರು, ವ್ಯತ್ಯಾಸ ಕೇಳಿಸಿತು ಎಂದು ಬರೆದವರೂ ಇದ್ದರು.

ಒಂದೊಂದಾಗಿ ನೋಡೋಣ. ಇದಕ್ಕೆ ಎಂ.ಟೆಕ್. ಬೇಡ, ಪಿಯುಸಿಯ ಭೌತಶಾಸ್ತ್ರ ಸಾಕು.

ಮೊದಲು ಸ್ಪೀಕರ್ ತಂತಿ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಕೇಳಿ. ಮನೆಯ ವೈರಿಂಗಿಗೆ ಹಾಕುವಂಥದ್ದೇ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 5 ಮೀಟರ್ ದೂರವಿದ್ದರೆ ಹೋಗಿ ಬರಲು 10 ಮೀಟರ್ ತಂತಿ. ಅದರ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್. ಲೆಕ್ಕ ಹಾಕಿದರೆ ಈ ತಂತಿಯಿಂದ ಆಗುವ ನಷ್ಟ ಒಂದು ಡೆಸಿಬೆಲ್ಲಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ತುಂಬಿಬಿಡುತ್ತದೆ. ಬೆಳ್ಳಿಯ ತಂತಿಯ ಮಹಿಮೆಯೂ ಇಷ್ಟೇ: ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ ಐದಾರರಷ್ಟು ಮಾತ್ರ ಉತ್ತಮ ವಾಹಕ. ತಾಮ್ರದ ತಂತಿ ಚೂರು ದಪ್ಪಗಿದ್ದರೆ ಆ ವ್ಯತ್ಯಾಸ ಮುಗಿಯಿತು. ತೀರ ತೆಳುವಾದ ತಂತಿಯನ್ನು ತೀರ ದೂರ ಎಳೆದರೆ ವ್ಯತ್ಯಾಸ ಬರುತ್ತದೆ, ನಿಜ. ಅದಕ್ಕೆ ಬೇಕಾದದ್ದು ದಪ್ಪ ತಂತಿ, ದುಬಾರಿ ತಂತಿಯಲ್ಲ.

ಇನ್ನು ಬಾಣ. ಸ್ಪೀಕರಿಗೆ ಹೋಗುವುದು ಪರ್ಯಾಯ ವಿದ್ಯುತ್ತು, ಅಂದರೆ ಹಿಂದೆ ಮುಂದೆ ಓಡಾಡುವಂಥದ್ದು. 1,000 ಹರ್ಟ್ಜ್‌ನ ಒಂದು ಸ್ವರ ನುಡಿದರೆ ಆ ತಂತಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 2,000 ಸಲ ದಿಕ್ಕು ಬದಲಿಸುತ್ತದೆ. ಹೋಗುವಾಗ ಚೆನ್ನಾಗಿ ಹೋಗಿ ಬರುವಾಗ ಮಂಕಾಗಿ ಬಾ ಎಂದು ಯಾವ ಬಾಣವೂ ಅದಕ್ಕೆ ಹೇಳಲಾರದು.

ಪವರ್ ಕಾರ್ಡಿನ ಕಥೆ ಇನ್ನೂ ಸ್ವಾರಸ್ಯದ್ದು. ಕೊಯ್ನಾದ ಜಲವಿದ್ಯುತ್ತೋ ಚಂದ್ರಪುರದ ಕಲ್ಲಿದ್ದಲ ವಿದ್ಯುತ್ತೋ ನೂರಾರು ಕಿಲೋಮೀಟರ್ ಅಲ್ಯುಮಿನಿಯಮ್ ತಂತಿಯ ಮೇಲೆ ಬಂದು, ನಾಲ್ಕಾರು ಟ್ರಾನ್ಸ್‌ಫಾರ್ಮರ್ ದಾಟಿ, ಸೊಸೈಟಿಯ ಮೀಟರ್ ಕೋಣೆ ಹೊಕ್ಕು, ಬಿಲ್ಡರ್ ಹಾಕಿಸಿದ ಗೋಡೆಯೊಳಗಿನ ವೈರಿನಲ್ಲಿ ಹರಿದು ನಿಮ್ಮ ಸಾಕೆಟ್ಟಿಗೆ ಬರುತ್ತದೆ. ಕೊನೆಯ ಒಂದೂವರೆ ಮೀಟರಿನಲ್ಲಿ ಅದನ್ನು ಶುದ್ಧ ಮಾಡುತ್ತೇನೆ ಎನ್ನುವವನು, ಮುಳಾ-ಮುಠಾ ನದಿಗೆ ಬಂಡ್ ಗಾರ್ಡನ್ನಿನಲ್ಲಿ ಒಂದು ತಂಬಿಗೆ ಗಂಗಾಜಲ ಸುರಿದು ಮುಂದಿನದೆಲ್ಲ ಪವಿತ್ರವಾಯಿತು ಎನ್ನುವವನ ಹಾಗೆ. ಅಷ್ಟಕ್ಕೂ ಆಂಪ್ಲಿಫೈಯರಿನೊಳಗೆ ಹೋದ ಮೇಲೆ ಆ ವಿದ್ಯುತ್ತು ನೇರ ವಿದ್ಯುತ್ತಾಗಿ, ದೊಡ್ಡ ಕೆಪಾಸಿಟರುಗಳಲ್ಲಿ ಸೋಸಿಕೊಂಡೇ ಮುಂದೆ ಸಾಗುವುದು. ಸ್ಪೀಕರಿನಲ್ಲಿ ‘ಹಮ್ಮ್’ ಎಂಬ ಸದ್ದು ಬರುತ್ತಿದ್ದರೆ ಅದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ಅರ್ಥಿಂಗಿನಲ್ಲಿರುತ್ತದೆ. ಅದನ್ನು ಸರಿಮಾಡಲು ಎಲೆಕ್ಟ್ರಿಶಿಯನ್ ಬೇಕು. ಈ ನಂಬಿಕೆ ಎಲ್ಲಿಯವರೆಗೆ ಹೋಗುತ್ತದೆ ಎಂದರೆ, ಜಪಾನಿನಲ್ಲಿ ಕೆಲವರು ಶುದ್ಧ ವಿದ್ಯುತ್ತಿಗೆಂದು ಮನೆಯ ಮುಂದೆ ಸ್ವಂತ ವಿದ್ಯುತ್ ಕಂಬವನ್ನೇ ನಿಲ್ಲಿಸಿಕೊಂಡಿದ್ದು 2016ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ವರದಿಯಾಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ದುಬಾರಿ ನೆಟ್‌ವರ್ಕ್ ಕೇಬಲ್ಲು. ಯಾಕೆಂದರೆ ಅದನ್ನು ಕೊಳ್ಳುವವರು ನಮ್ಮದೇ ಉದ್ಯೋಗದವರು. ಹಗಲೆಲ್ಲ ಪ್ಯಾಕೆಟ್ಟುಗಳ ನಡುವೆ ಬದುಕುವವರು. ಒಂದು ಪ್ಯಾಕೆಟ್ಟು ದಾರಿಯಲ್ಲಿ ಕೆಟ್ಟರೆ ಚೆಕ್‌ಸಮ್ ಹೊಂದುವುದಿಲ್ಲ, ಅದನ್ನು ಎಸೆದು ಮತ್ತೆ ತರಿಸಿಕೊಳ್ಳಲಾಗುತ್ತದೆ ಎಂದು ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಮಾಡುವವರು. ಅದೇ ಜನ ಸಂಜೆ ಮನೆಗೆ ಹೋಗಿ, ಈ ಕೇಬಲ್ ಹಾಕಿದ ಮೇಲೆ ಕಿಶೋರಿ ಅಮೋಣಕರರ ಗಮಕ ‘ಬಿಡಿಸಿ’ ಕೇಳಿಸುತ್ತಿದೆ ಎನ್ನುತ್ತಾರೆ. ಆ ಕೇಬಲ್ಲಿನಲ್ಲಿ ಹೋಗುತ್ತಿರುವುದು ಸೊನ್ನೆ ಮತ್ತು ಒಂದು. ಬ್ಯಾಂಕಿನ ಬ್ಯಾಲೆನ್ಸ್ ಅಗ್ಗದ ಕೇಬಲ್ಲಿನಲ್ಲಿ ಬಂದರೆ ಕಡಿಮೆಯಾಗುವುದಿಲ್ಲ ಅಲ್ಲವೇ? ಬಂದ ದತ್ತಾಂಶ ಮೊದಲು ಬಫರಿನಲ್ಲಿ ಕೂರುತ್ತದೆ, ಆಮೇಲೆ ಯಂತ್ರ ತನ್ನದೇ ಗಡಿಯಾರದ ತಾಳಕ್ಕೆ ಅದನ್ನು ಧ್ವನಿಯಾಗಿಸುತ್ತದೆ. ಗಮಕ ಬಿಡಿಸಿ ಕೇಳಿಸಿದ್ದರೆ ಅದಕ್ಕೆ ಕಾರಣ ಕಿಶೋರಿತಾಯಿ.

ಇಷ್ಟು ಹೇಳಿದ ಮೇಲೆ ಬರುವ ಉತ್ತರ ಒಂದೇ. ನಾನದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. “ನಿನ್ನ ಓಮ್, ಡೆಸಿಬೆಲ್ ಎಲ್ಲಾ ಬಾಜೂಕ ಇಡಪಾ. ಕಿವಿ ಹೇಳೂದು ನಂಬಬೇಕು.”

ಒಪ್ಪಿದೆ. ಕಿವಿಯನ್ನೇ ನಂಬೋಣ. ಹಾಗಾದರೆ ಕಿವಿಯೊಂದನ್ನೇ ನಂಬೋಣ. ಯಾವ ತಂತಿ ನುಡಿಯುತ್ತಿದೆ ಎಂದು ಕಣ್ಣಿಗೆ ಕಾಣದ ಹಾಗೆ, ಬೆಲೆ ಎಷ್ಟೆಂದು ಗೊತ್ತಾಗದ ಹಾಗೆ, ಧ್ವನಿಯ ಮಟ್ಟ ಸರಿಸಮನಾಗಿಟ್ಟು, ಹತ್ತಾರು ಸಲ ಕೇಳಿ ಹೇಳಿ. ಇಷ್ಟು ಕೇಳಿದ ಕ್ಷಣ ಎದುರಿನವರ ಮುಖ ಬದಲಾಗುತ್ತದೆ. ಇಡೀ ವ್ಯವಹಾರದ ಗುಟ್ಟು ಇರುವುದು ಇಲ್ಲಿಯೇ. ಕಿವಿಯನ್ನು ನಂಬಿ ಎಂದು ಸಾರುವವರು ಕಿವಿಯ ಪರೀಕ್ಷೆಗೇ ಹೆದರುತ್ತಾರೆ.

ಕಣ್ಣು ಕಟ್ಟಿ ಮಾಡುವ ಇಂಥ ಪರೀಕ್ಷೆ ಹೇಗಿರಬೇಕು ಎಂಬುದಕ್ಕೆ ಪುಣೆಯವರು ದೂರ ಹೋಗಬೇಕಿಲ್ಲ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯೂಕಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಜಯಂತ ನಾರಳೀಕರ್ 2008ರಲ್ಲಿ ಫಲಜ್ಯೋತಿಷ್ಯವನ್ನು ಪರೀಕ್ಷೆಗೆ ಒಡ್ಡಿದರು. ಅವರ ಜೊತೆಗಿದ್ದವರು ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನರೇಂದ್ರ ದಾಭೋಲ್ಕರ್ ಮತ್ತು ಪ್ರಕಾಶ ಘಾಟಪಾಂಡೆ. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯರಾದ 100 ಮಕ್ಕಳು, ಹೀಗೆ 200 ಮಕ್ಕಳ ಜನ್ಮಕುಂಡಲಿ ಮಾಡಿಸಿದರು. ಅವನ್ನು ಕಲೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಕುಂಡಲಿ ಕಳಿಸಿ, ಯಾವುದು ಯಾವ ಗುಂಪಿನ ಮಗುವಿನದು ಎಂದು ಹೇಳಿ ಅಂದರು. 51 ಜನ ಕುಂಡಲಿ ತರಿಸಿಕೊಂಡರು, 27 ಜನ ಉತ್ತರ ಕಳಿಸಿದರು. ನಾಣ್ಯ ಚಿಮ್ಮಿ ಹೇಳಿದರೂ 40ಕ್ಕೆ 20 ಸರಿ ಬರಬೇಕು. ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರಿಗೆ ಸಿಕ್ಕಿದ್ದು 24. ಎಲ್ಲರ ಸರಾಸರಿ ಅರ್ಧಕ್ಕಿಂತ ಕೆಳಗೆ. ಫಲಿತಾಂಶ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಈ ಪರೀಕ್ಷೆಯ ಚೆಲುವು ಗಮನಿಸಿ. ಗ್ರಹಗಳು ಮನುಷ್ಯನ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬ ವಾದಕ್ಕೇ ಅದು ಇಳಿಯಲಿಲ್ಲ. ನಿಮಗೆ ಗೊತ್ತಾಗುತ್ತದೆ ಎನ್ನುತ್ತೀರಿ, ಸರಿ, ಹೇಳಿ ತೋರಿಸಿ ಎಂದಿತು ಅಷ್ಟೇ. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಇಷ್ಟನ್ನೇ: ನಾವು ಹೇಳುವ ಕಟ್ಟುಪಾಡಿನೊಳಗೆ ಮಾಡಿ ತೋರಿಸಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ನಮ್ಮ ಹಿರಿಯರು ಸಂಖ್ಯಾಶಾಸ್ತ್ರ ಓದಿರಲಿಲ್ಲ. ಆದರೆ ಮಾತಿನ ಹುರುಳು ಅದೇ.

ಆಡಿಯೋ ಲೋಕದಲ್ಲೂ ಇಂಥ ಪರೀಕ್ಷೆಗಳು ನಡೆದಿವೆ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್ ‘ಸ್ಟೀರಿಯೊಫೈಲ್’ ಪತ್ರಿಕೆಯ ಸಂಪಾದಕರಿಗೆ ಸವಾಲು ಹಾಕಿದ. ನೀವು ಮೆಚ್ಚುವ ಯಾವುದೇ ದುಬಾರಿ ಆಂಪ್ಲಿಫೈಯರ್ ಕೊಡಿ, ನನ್ನ ಅಗ್ಗದ ಆಂಪ್ಲಿಫೈಯರನ್ನು ಅದರಂತೆಯೇ ನುಡಿಯುವ ಹಾಗೆ ಮಾಡುತ್ತೇನೆ ಎಂದ. ಹೋಟೆಲ್ ಕೋಣೆಯೊಂದರಲ್ಲಿ ಕೂತು, ಎರಡರ ಔಟ್‌ಪುಟ್ಟುಗಳ ವ್ಯತ್ಯಾಸವನ್ನು ಅಳೆದು ಅಳೆದು ಕಡಿಮೆ ಮಾಡುತ್ತ ಹೋದ. ಕೊನೆಗೆ ಸಂಪಾದಕರಿಗೆ ಎರಡನ್ನು ಬೇರೆ ಮಾಡಿ ಹೇಳಲಾಗಲಿಲ್ಲ. ಅಳತೆಗೆ ಸಿಗದ ಯಾವುದೋ ಮಾಯೆ ದುಬಾರಿ ಯಂತ್ರದಲ್ಲಿದೆ ಎನ್ನುವುದಾದರೆ, ಬರೀ ಅಳತೆಯನ್ನು ಹೊಂದಿಸಿ ಅವನು ಹೇಗೆ ಗೆದ್ದ?

2007ರಲ್ಲಿ ಬಾಸ್ಟನ್ನಿನ ಮೇಯರ್ ಮತ್ತು ಮೊರನ್ ಎಂಬಿಬ್ಬರು ಉತ್ತಮ ದರ್ಜೆಯ ಎಸ್‌ಎಸಿಡಿ ಧ್ವನಿಯನ್ನೂ, ಅದನ್ನೇ ಸಾಮಾನ್ಯ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಜ್ ಮಟ್ಟಕ್ಕೆ ಇಳಿಸಿದ ಧ್ವನಿಯನ್ನೂ ಕಣ್ಣು ಕಟ್ಟಿ ಕೇಳಿಸಿದ ಪ್ರಯೋಗ ಪ್ರಕಟಿಸಿದರು. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ 276, ಅಂದರೆ ನೂರಕ್ಕೆ 49.8. ಮತ್ತೆ ಅದೇ ನಾಣ್ಯ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಸರಿ ಉತ್ತರ ನೂರಕ್ಕೆ 52.3 ಬಂತು, ತರಬೇತಿ ಪಡೆದ ಕಿವಿಗಳು ಇನ್ನೂ ಸ್ವಲ್ಪ ಮುಂದಿದ್ದವು. ಅಂದರೆ ಅಲ್ಲಿ ಏನೋ ಇರಬಹುದು, ಇದ್ದರೂ ಅಷ್ಟು ಸಣ್ಣದು. ನಿಜವಾದ ಪರಿಣಾಮ ಪರೀಕ್ಷೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ: ಅಂಜುತ್ತ, ಅಳತೆಗೆ ಸಿಕ್ಕಿ, ಎಷ್ಟಿದೆಯೋ ಅಷ್ಟೇ. ನಮ್ಮ ಗೆಳೆಯರು ಹೇಳುವುದು ‘ರಾತ್ರಿ ಹಗಲಿನ ವ್ಯತ್ಯಾಸ’ ಎಂದು. ನೂರಕ್ಕೆ 52 ಸಲ ಹಗಲು ಎಂದು ಗೊತ್ತಾಗುವ ಹಗಲು ಯಾವ ಹಗಲು?

ನನಗೆ ತುಂಬಾ ಇಷ್ಟವಾದ ಪ್ರಕರಣ 2022ರದು. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪನಿ ದುಬಾರಿ ವಿನೈಲ್ ರೆಕಾರ್ಡುಗಳಿಗೆ ಹೆಸರಾದದ್ದು. ಮೂಲ ಟೇಪಿನಿಂದ ನೇರವಾಗಿ, ಡಿಜಿಟಲ್ಲಿನ ಸೋಂಕಿಲ್ಲದೆ ಬಂದವು ಎಂದು ಭಕ್ತರು ನಂಬಿದ್ದರು. ಡಿಜಿಟಲ್ ಎಂದರೆ ‘ತಣ್ಣಗೆ’, ಅನಲಾಗ್ ಎಂದರೆ ‘ಬೆಚ್ಚಗೆ’ ಎನ್ನುವ ಪಂಥದವರು ಈ ರೆಕಾರ್ಡುಗಳನ್ನು ಬೆಚ್ಚಗಿನ ಧ್ವನಿಯ ಮಾದರಿಯೆಂದು ತೋರಿಸುತ್ತಿದ್ದರು. ಆಮೇಲೆ ಕಂಪನಿ ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ಅನ್ನು 125 ಡಾಲರಿಗೊಂದರಂತೆ 40,000 ಪ್ರತಿ ತರುತ್ತೇನೆ ಎಂದಿತು. ಒಂದು ಹಳೆಯ ಟೇಪಿನಿಂದ ನೇರವಾಗಿ ಇಷ್ಟು ಪ್ರತಿ ಹೇಗೆ ಬರುತ್ತವೆ ಎಂದು ಕೆಲವರು ಲೆಕ್ಕ ಹಾಕಿದರು. ರೆಕಾರ್ಡ್ ಅಂಗಡಿಯ ಮಾಲೀಕನೊಬ್ಬ ವಿಷಯ ಬಯಲಿಗೆ ತಂದ. 2011ರಿಂದಲೇ ನಡುವೆ ಒಂದು ಡಿಜಿಟಲ್ ಹಂತ ಬಳಸುತ್ತಿದ್ದೆವು ಎಂಬುದು ಕಂಪನಿಯಿಂದಲೇ ಹೊರಬಂತು. ಮೊಕದ್ದಮೆ ನಡೆದು 2.5 ಕೋಟಿ ಡಾಲರಿನ ಒಪ್ಪಂದವಾಯಿತು. ಹನ್ನೊಂದು ವರ್ಷ ಬಂಗಾರದ ಕಿವಿಯವರೆಲ್ಲ ಡಿಜಿಟಲ್ ಧ್ವನಿಯನ್ನು ಅನಲಾಗ್ ಎಂದು ಸವಿದರು. ಒಬ್ಬರ ಕಿವಿಯೂ ಅದನ್ನು ಹಿಡಿಯಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ಅಂಕಗಣಿತ.

ಹಾಗೆಂದು ನಮ್ಮ ಗೆಳೆಯರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಅವರಿಗೆ ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿ, ಕುಡಿಯುವಾಗ ಮಿದುಳಿನ ಸ್ಕ್ಯಾನ್ ಮಾಡಿದರು. ಬೆಲೆ ಹೆಚ್ಚೆಂದು ಹೇಳಿದಾಗ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗ ನಿಜವಾಗಿಯೂ ಹೆಚ್ಚು ಚಟುವಟಿಕೆ ತೋರಿತು. ಅನುಭವ ನಿಜ, ಅದಕ್ಕೆ ಕೊಡುವ ಕಾರಣ ಸುಳ್ಳು. ತಾಯಿತ ಕಟ್ಟಿಸಿಕೊಂಡ ಮೇಲೆ ರಾತ್ರಿ ನಿದ್ದೆ ಬಂತು ಎನ್ನುವ ಮುದುಕಿಗೂ ನಿದ್ದೆ ಬಂದದ್ದು ನಿಜವೇ. ವ್ಯತ್ಯಾಸವೆಂದರೆ ಆ ಅಜ್ಜಿಯನ್ನು ಕಂಡು ನಾವು ನಗುತ್ತೇವೆ, ಮತ್ತು ಅವಳ ತಾಯಿತಕ್ಕೆ ಇಎಂಐ ಇರುವುದಿಲ್ಲ.

ನಮ್ಮ ಬಳಗದಲ್ಲೂ ಒಮ್ಮೆ ಪರೀಕ್ಷೆ ಮಾಡಿದೆವು. ಧಾರವಾಡದ ಕಡೆಯ ಗೆಳೆಯನೊಬ್ಬ ಲಕ್ಷ ದಾಟಿದ ಸ್ಪೀಕರ್ ತಂತಿ ತರಿಸಿದ್ದ. ನಾನು ತಾಪಕೀರ್ ಗಲ್ಲಿಯ ತಂತಿ ಒಯ್ದಿದ್ದೆ. ಕಾಲೇಜು ಓದುವ ಅವನ ಮಗಳನ್ನು ಯಂತ್ರದ ಕಡೆ ನಿಲ್ಲಿಸಿ ನಡುವೆ ಚಾದರ ಕಟ್ಟಿದೆವು. ಪ್ರತಿ ಸಲ ಅವಳು ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ತಂತಿ ಸಿಕ್ಕಿಸಿ, ಮಾತಾಡದೆ ಒಂದೇ ಹಾಡಿನ ಒಂದೇ ತುಣುಕು ನುಡಿಸಬೇಕು. ವಾಲ್ಯೂಮ್ ಮುಟ್ಟುವಂತಿಲ್ಲ. 16 ಸಲ. ಬರೀ ಅದೃಷ್ಟದಿಂದ 16ಕ್ಕೆ 12 ಅಥವಾ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ 4ಕ್ಕಿಂತ ಕಡಿಮೆ. ಹಾಗಾಗಿ 12 ಬಂದರೆ ನಾನು ಎಲ್ಲರಿಗೂ ದುರ್ವಾಂಕುರದಲ್ಲಿ ಥಾಲಿ ಊಟ ಹಾಕಿಸಬೇಕು ಎಂದು ಮಾತಾಗಿತ್ತು. ಗೆಳೆಯನಿಗೆ 7 ಬಂತು. ಅವನ ಪಕ್ಕ ಕೂತಿದ್ದ ಇನ್ನೊಬ್ಬರಿಗೆ 9. ಹುಡುಗಿ ಚಾದರದ ಹಿಂದಿನಿಂದ ಬಂದು, “ಕಾಕಾ, ನಾಣ್ಯಾನ ಇಬ್ಬರಕಿಂತ ಶಾಣ್ಯಾ ಅದ ನೋಡ್ರಿ” ಅಂದಳು.

ಗೆಳೆಯ ಬಿಡಲಿಲ್ಲ. “ಪರೀಕ್ಷೆ ಅಂದ್ರ ಮನಸ್ಸಿನ ಮ್ಯಾಲೆ ಒತ್ತಡ ಬರ್ತದೋ. ಆರಾಮ ಕುಂತು ಕೇಳಿದ್ರ ಗೊತ್ತಾಗ್ತದ” ಅಂದ. ಅವನದೇ ಮನೆ, ಅವನದೇ ಸೋಫಾ, ಕೈಯಲ್ಲಿ ಚಹಾ. ಆದರೂ ಈ ವಾದವನ್ನು ಗಂಭೀರವಾಗಿಯೇ ತೆಗೆದುಕೊಳ್ಳೋಣ. ರಾತ್ರಿ ಹಗಲಿನಷ್ಟು ದೊಡ್ಡ ವ್ಯತ್ಯಾಸ ಒಂದು ಚಾದರ ಅಡ್ಡ ಬಂದ ಕೂಡಲೇ ಮಾಯವಾಗುವುದಾದರೆ, ಅದು ತಂತಿಯಲ್ಲಿತ್ತೋ ಚಾದರದಲ್ಲಿತ್ತೋ? ಆರಾಮಾಗಿ ಬೇಕಾದರೆ ತಿಂಗಳುಗಟ್ಟಲೆ ಕೇಳಿ. ಮನೆಯವರು ಗುಟ್ಟಾಗಿ ತಂತಿ ಬದಲಿಸಿ ಡೈರಿಯಲ್ಲಿ ಬರೆದಿಡಲಿ, ನೀವು ನಿಮಗನ್ನಿಸಿದ್ದನ್ನು ಬರೆದಿಡಿ, ಕೊನೆಗೆ ಎರಡೂ ಡೈರಿ ತಾಳೆ ನೋಡಿ. ಒತ್ತಡವೂ ಇಲ್ಲ, ಆತುರವೂ ಇಲ್ಲ. ಇದಕ್ಕೆ ಈವರೆಗೆ ನನ್ನ ಬಳಗದಲ್ಲಿ ಯಾರೂ ಒಪ್ಪಿಲ್ಲ.

ಎರಡನೆಯ ವಾದ: ವಿಜ್ಞಾನಕ್ಕೆ ಎಲ್ಲಾ ಗೊತ್ತಿದೆಯೇ? ಇಲ್ಲ. ಆದರೆ ಗೊತ್ತಿಲ್ಲದ್ದು ಎಷ್ಟೋ ಇದೆ ಎಂಬುದು, ಗೊತ್ತಿರುವುದನ್ನೂ ಬಿಟ್ಟುಬಿಡಲು ಪರವಾನಗಿ ಅಲ್ಲ. ತಾಮ್ರದ ತಂತಿಯ ಒಳಗೆ ಏನಾಗುತ್ತದೆ ಎಂಬುದು ವಿಜ್ಞಾನದ ಗಡಿಯಲ್ಲಿರುವ ಪ್ರಶ್ನೆಯಲ್ಲ. ಅಷ್ಟಕ್ಕೂ ಕಣ್ಣು ಮುಚ್ಚಿ ಮಾಡುವ ಪರೀಕ್ಷೆಗೆ ಯಾವ ಸಿದ್ಧಾಂತವೂ ಬೇಕಿಲ್ಲ. ನಿಮ್ಮ ಕಿವಿಗೆ ಗೊತ್ತಾದರೆ ಸಾಕು. ಕಾರಣ ಆಮೇಲೆ ಹುಡುಕೋಣ.

ಮೂರನೆಯದು ಗಟ್ಟಿ ವಾದ: ನನ್ನ ದುಡ್ಡು, ನನ್ನ ಸುಖ, ನಿನಗೇನು ತ್ರಾಸು? ನಿಜ, ಯಾರಾದರೂ ಸುಖಕ್ಕೆ ಎಷ್ಟಾದರೂ ಖರ್ಚು ಮಾಡಲಿ. ಚೆಂದ ಕಾಣುತ್ತದೆಂದು ಲಕ್ಷದ ತಂತಿ ಕೊಂಡರೆ ನಾನು ಬಾಯಿ ತೆರೆಯುವುದಿಲ್ಲ. ಪೈಠಣಿ ಸೀರೆಗೆ ದುಡ್ಡು ಕೊಡುವುದಿಲ್ಲವೇ, ಹಾಗೆ. ಆದರೆ ಪೈಠಣಿ ಮಾರುವವನು ಇದನ್ನುಟ್ಟರೆ ಮಂಡಿನೋವು ಹೋಗುತ್ತದೆ ಎನ್ನುವುದಿಲ್ಲ. ಇಲ್ಲಿ ಮಾರುತ್ತಿರುವುದು ತಂತಿಯ ಗುಣದ ಬಗ್ಗೆ ಒಂದು ಹೇಳಿಕೆ. ಹೇಳಿಕೆ ಸುಳ್ಳಾದರೆ ಅದಕ್ಕೆ ಮೋಸ ಎಂದೇ ಹೆಸರು. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಲು ಅವಕಾಶವಿದೆ. ಕೊಂಡವರಾರೂ ದೂರು ಕೊಡಲು ಹೋಗುವುದಿಲ್ಲ, ಯಾಕೆಂದರೆ ದೂರು ಕೊಟ್ಟರೆ ತನ್ನ ಕಿವಿ ಬಂಗಾರದ್ದಲ್ಲ ಎಂದು ಒಪ್ಪಿಕೊಂಡ ಹಾಗೆ. ರಾಜನ ಬಟ್ಟೆಯ ಕಥೆ ನೆನಪಾಗುತ್ತದಲ್ಲವೇ?

ತ್ರಾಸು ಇನ್ನೂ ಒಂದಿದೆ, ದುಡ್ಡಿಗಿಂತ ದೊಡ್ಡದು. 2013ರ ಆಗಸ್ಟ್ 20ರ ಬೆಳಗ್ಗೆ ಇದೇ ಊರಿನ ಓಂಕಾರೇಶ್ವರ ಸೇತುವೆಯ ಮೇಲೆ ವಾಕಿಂಗ್ ಹೊರಟಿದ್ದ ನರೇಂದ್ರ ದಾಭೋಲ್ಕರರನ್ನು ಗುಂಡಿಟ್ಟು ಕೊಂದರು. ಜ್ಯೋತಿಷ್ಯದ ಆ ಪರೀಕ್ಷೆಯಲ್ಲಿ ನಾರಳೀಕರರ ಜೊತೆಗಿದ್ದವರು ಅವರೇ. ಅವರು ವರ್ಷಗಟ್ಟಲೆ ಕೇಳಿದ ಮಾಟಮಂತ್ರ ವಿರೋಧಿ ಕಾಯಿದೆ ಅವರು ಸತ್ತ ಮೇಲೆ, ಅದೇ ವರ್ಷ ಬಂತು. ಕೇಬಲ್ಲಿಗೂ ದಾಭೋಲ್ಕರರಿಗೂ ಏನಯ್ಯಾ ಸಂಬಂಧ ಎಂದು ನೀವು ಕೇಳಬಹುದು. ಕೇಬಲ್ಲಿನಿಂದ ಯಾರೂ ಸಾಯುವುದಿಲ್ಲ, ಗೊತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ‘ಮಾಡಿ ತೋರಿಸಿ’ ಎಂದು ಕೇಳುವ ಅಭ್ಯಾಸ ಒಂದೇ. ಅದು ದೇವಸ್ಥಾನದ ಬಾಗಿಲಲ್ಲಿ ಬೇಕು, ಶೋರೂಮಿನ ಬಾಗಿಲಲ್ಲಿ ಬೇಡ ಎಂದು ಹಂಚಿಕೊಳ್ಳಲು ಬರುವುದಿಲ್ಲ. ಮೂಢನಂಬಿಕೆ ಎಂದರೆ ಹಳ್ಳಿಯದು, ಓದದವರದು ಎಂದು ನಾವು ತಿಳಿದಿದ್ದೇವೆ. ನಮ್ಮದಕ್ಕೆ ಅಲ್ಯುಮಿನಿಯಮ್ ಕವಚ, ಇಂಗ್ಲಿಷ್ ಕೈಪಿಡಿ, ಎರಡು ವರ್ಷದ ವಾರಂಟಿ ಇದೆ ಅಷ್ಟೇ.

ಆಫೀಸಿನಲ್ಲಿ ನಾವು ಹೀಗಿರುವುದಿಲ್ಲ ಎಂಬುದೇ ಸೋಜಿಗ. ಯಾವನೋ ವೆಂಡರ್ ಬಂದು, ನಮ್ಮ ಟೂಲ್ ಹಾಕಿದರೆ ನಿಮ್ಮ ಅಪ್ಲಿಕೇಶನ್ ಎರಡು ಪಟ್ಟು ವೇಗವಾಗುತ್ತದೆ ಎಂದರೆ ಮೊದಲು ಕೇಳುವುದು: ಈಗಿನ ವೇಗ ಎಷ್ಟು, ಆಮೇಲಿನದು ಎಷ್ಟು, ಅಳೆದವರು ಯಾರು? ಡೆಮೊ ಬೇರೆ, ಯುಎಟಿ ಬೇರೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಟೆಸ್ಟ್ ಕೇಸ್ ಇಲ್ಲದ ಕೋಡನ್ನು ಶುಕ್ರವಾರ ಪ್ರೊಡಕ್ಷನ್ನಿಗೆ ಬಿಡದ ಅದೇ ಹುಡುಗ ಶನಿವಾರ ಹೋಗಿ, ಡೆಮೊ ಒಂದನ್ನೇ ನೋಡಿ, ಎರಡು ತಿಂಗಳ ಸಂಬಳ ಸುರಿದು ಬರುತ್ತಾನೆ. ಆ ಡೆಮೊದಲ್ಲಿ ಎರಡನೆಯ ತಂತಿ ಹಾಕುವಾಗ ವಾಲ್ಯೂಮ್ ಒಂದು ಚೂರು ಮೇಲಿದ್ದರೆ ಸಾಕು. ಜೋರಾಗಿದೆ ಎಂದು ಗೊತ್ತಾಗದಷ್ಟು ಸಣ್ಣ ಏರಿಕೆಯೂ ಕಿವಿಗೆ ‘ಚೆನ್ನಾಗಿದೆ’ ಎಂದೇ ಕೇಳಿಸುತ್ತದೆ.

ಹಾಗಾದರೆ ಧ್ವನಿಯಲ್ಲಿ ನಿಜಕ್ಕೂ ವ್ಯತ್ಯಾಸ ತರುವುದು ಯಾವುದು? ಮೊದಲು ಸ್ಪೀಕರು. ಎರಡನೆಯದು ಕೋಣೆ. ನಮ್ಮ ಫ್ಲ್ಯಾಟುಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲು, ಒಂದು ಕಡೆ ಗಾಜಿನ ಸ್ಲೈಡಿಂಗ್ ಬಾಗಿಲು, ಉಳಿದದ್ದು ಬೋಳು ಗೋಡೆ. ಸದ್ದು ಬಾವಿಯೊಳಗೆ ಬಿದ್ದ ಕೊಡದ ಹಾಗೆ ಅಲ್ಲಲ್ಲೇ ಬಡಿದಾಡುತ್ತದೆ. ದಪ್ಪ ಜಮಖಾನೆ ಹಾಸಿ, ಪರದೆ ಕಟ್ಟಿ, ಗೋಡೆಗೆ ಪುಸ್ತಕದ ಕಪಾಟು ಇಟ್ಟು, ಸ್ಪೀಕರನ್ನು ಮೂಲೆಯಿಂದ ಮುಂದಕ್ಕೆ ಎಳೆದರೆ ಬರುವ ವ್ಯತ್ಯಾಸ ಚಾದರದ ಹಿಂದಿನಿಂದಲೂ ಗೊತ್ತಾಗುತ್ತದೆ. ಮೂರನೆಯದು ನಮ್ಮ ಕಿವಿ. ಹರೆಯದಲ್ಲಿ 20,000 ಹರ್ಟ್ಜ್‌ನ ಹತ್ತಿರದವರೆಗೆ ಕೇಳುವ ಕಿವಿ ನನ್ನ ವಯಸ್ಸಿಗೆ 15,000ದ ಆಸುಪಾಸಿಗೆ ಇಳಿದಿರುತ್ತದೆ. ಲಕ್ಷದ ತಂತಿ ಕೊಳ್ಳುವಷ್ಟು ಸಂಬಳ ಬರುವ ಹೊತ್ತಿಗೆ ಅದು ಹೊತ್ತು ತರುತ್ತದೆ ಎನ್ನುವ ಆ ನವಿರು ಸ್ವರಗಳು ನಮಗೆ ಕೇಳಿಸುವುದೇ ಇಲ್ಲ! ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ದಾಟಬೇಡಿ ಎನ್ನುತ್ತದೆ. ಮೆಟ್ರೋದಲ್ಲಿ, ಕಂಪನಿ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿ ಜೋರಾಗಿ ಇಟ್ಟುಕೊಳ್ಳುವ ವಿದ್ಯಾರ್ಥಿಗಳು ಈ ಸಾಲನ್ನು ಎರಡು ಸಲ ಓದಬೇಕು. ಮತ್ತೆ ಕೊಳ್ಳಲು ಸಿಗದ ಒಂದೇ ಒಂದು ಆಡಿಯೋ ಉಪಕರಣ ಅದು.

ಎಲ್ಲಕ್ಕಿಂತ ಮೇಲಿನದು ಸಂಗೀತ. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡ್ ಕೇಳಿ, ಹೀಗೆ ಹಾಡುವುದನ್ನು ಕಲಿಯಲೇಬೇಕೆಂದು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟ ಕಥೆ ನಮಗೆಲ್ಲ ಗೊತ್ತು. ಅರಗಿನ ತಟ್ಟೆ, ಬದಿಗೆ ಮೂರು ಚಿಲ್ಲರೆ ನಿಮಿಷ, ಚರಚರ ಸದ್ದು. ಆ ಕಾಲದ ಗ್ರಾಮೊಫೋನಿನಲ್ಲಿ ಐದಾರು ಸಾವಿರ ಹರ್ಟ್ಜ್‌ ದಾಟಿದ ಸ್ವರ ಹೊರಬರುವುದೇ ಕಷ್ಟ. ಒಂದು ಬದುಕು ತಿರುಗಲು ಅಷ್ಟು ಸಾಕಾಯಿತು. ಅಲ್ಲಿಂದ ಕುಂದಗೋಳ, ಕುಂದಗೋಳದಿಂದ ಮುಂದೆ ಪುಣೆ, 1953ರಲ್ಲಿ ಗುರುವಿನ ನೆನಪಿಗೆ ಶುರುವಾದ ಉತ್ಸವ. ರಮಣಬಾಗ್ ಶಾಲೆಯ ಮೈದಾನದಲ್ಲಿ ಚಳಿಗೆ ಶಾಲು ಹೊದ್ದು ಭಾರತೀಯ ಬೈಠಕ್ಕಿನಲ್ಲಿ ಕೂತು ಕೇಳಿದವರು, ಸಭೆಗೆ ಹಾಕಿದ ಸಾಮಾನ್ಯ ಧ್ವನಿವರ್ಧಕಗಳಲ್ಲಿಯೇ ಕೇಳಿದರು. ತಂತಿ ಯಾವ ದೇಶದ್ದೆಂದು ಯಾರೂ ಕೇಳಲಿಲ್ಲ. ಕೇಳಿದ್ದು ರಾಗ ಯಾವುದು ಎಂದು. ನಮ್ಮ ಕೂಟಗಳಲ್ಲಿ ಈಗ ಆ ಪ್ರಶ್ನೆಯೇ ಕಮ್ಮಿಯಾಗಿದೆ. ಒಂದೇ ಹಾಡಿನ ಮೊದಲ ಒಂದು ನಿಮಿಷವನ್ನು ಹತ್ತು ಸಲ ಹಾಕಿ ಯಂತ್ರವನ್ನು ಕೇಳುತ್ತೇವೆ. ವಿಲಂಬಿತ ಮುಗಿಯುವ ತನಕ ಕೂರುವವರಿಲ್ಲ.

ಆದ್ದರಿಂದ ನಾನು ಹೇಳುವುದಿಷ್ಟೇ. ನೂರು ಪಟ್ಟು ಬೆಲೆಯ ತಂತಿ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಯಾವುದೆಂದು ನನಗೆ ಗೊತ್ತಾಗದಂತೆ ಬದಲಾಯಿಸಿ ಕೇಳಿಸುತ್ತೀರಾ? ಹ್ಞೂಂ ಎಂದರೆ ಕುಳಿತುಕೊಳ್ಳಿ, ಕಣ್ಣು ಮುಚ್ಚಿ, ಲೆಕ್ಕ ಇಡಿ. ಊಹೂಂ ಎಂದರೆ ಎದ್ದು ಬನ್ನಿ. ಉಳಿದ ದುಡ್ಡಿನಲ್ಲಿ ಒಂದು ಜಮಖಾನೆ ಕೊಳ್ಳಿ, ಡಿಸೆಂಬರಿನಲ್ಲಿ ಸವಾಯಿಗೆ ಮನೆಮಂದಿಗೆಲ್ಲ ಟಿಕೆಟ್ ತೆಗೆಸಿ. ಆಮೇಲೂ ದುಡ್ಡು ಮಿಕ್ಕಿರುತ್ತದೆ.